ಇಲ್ಲದ ಬದುವಿನ ಚರಗ

ಶೀಗಿ ಹುಣ್ಣಿಮೆಯ ಬೆಳಿಗ್ಗೆ ಶಿವಯೋಗೀಶ ಅಂಗಿಯ ಗುಂಡಿಯನ್ನು ಎರಡು ಸಲ ತಪ್ಪು ಕಾಜಾಕ್ಕೆ ಹಾಕಿದ. ಮೂರನೆಯ ಸಲ ಗುಂಡಿಯೇ ಕಿತ್ತು ಕೈಗೆ ಬಂತು. ಐವತ್ತೆರಡು ವರ್ಷದ ಗಂಡಸು ಹೀಗೆ ಗಡಿಬಿಡಿಯಾಗುವುದೆಂದರೇನು ಎಂದು ತನ್ನ ಮೇಲೆ ಸಿಟ್ಟು ಬಂತು. ಹಿಂದೆ ಸಾಲೆಯಲ್ಲಿ ಬಹುಮಾನ ಹಂಚುವ ದಿನ ಮಾಸ್ತರರು ಚೀಟಿ ಬಿಡಿಸಿ ಹೆಸರು ಕೂಗುವ ಮೊದಲು ಹೊಟ್ಟೆಯೊಳಗೆ ಒಂದು ತಳಮಳವಾಗುತ್ತಿತ್ತು. ಖುಷಿಯೋ ಮೂತ್ರಕ್ಕೆ ಅವಸರವೋ ತಿಳಿಯುತ್ತಿರಲಿಲ್ಲ. ಅದೇ ಈಗ ಮತ್ತೆ ಬಂದಿತ್ತು.

"ಮದುವಿ ದಿನಾನೂ ಇಷ್ಟು ಹೌಹಾರಿದ್ದಿಲ್ಲ ನೀವು," ಎಂದಳು ಹೆಂಡತಿ ಶಾಂಭವಿ, ಒಲೆಯ ಮುಂದಿನಿಂದ ಏಳದೆ. "ಅವತ್ತ ಆರಾಮ ಕುಂತು ಎರಡು ಹೋಳಿಗಿ ಹೆಚ್ಚಿಗೆ ಉಂಡಿದ್ರಿ."

"ಅವತ್ತಿಂದೆಲ್ಲಾ ನಿಮ್ಮಪ್ಪ ಮಾಡಿದ್ದ. ಇದು ನಂದು."

ನಂದು ಎಂಬ ಮಾತು ಹೊರಬಿದ್ದಾಗ ಹಿತವಾಯಿತು. ಒಂದು ಗಳಿಗೆ ಬಿಟ್ಟು ಅದೇ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಚುಚ್ಚಿತು. ಆದರೆ ಅವನದೇ ಹೌದು, ಇದರಲ್ಲಿ ಸುಳ್ಳೇನಿದೆ? ಎಂಟು ತಿಂಗಳ ಹಿಂದೆ ಹುಳಗಳ ಬಗ್ಗೆ ಓದಿದ ಸ್ನೇಹಲ್ ಎಂಬ ಹುಡುಗಿ ಧಾರವಾಡದಿಂದ ಸ್ಕೂಟಿಯ ಮೇಲೆ ಬಂದು, ಲಕಮನಹಳ್ಳಿಯ ಕಾರ್ಖಾನೆಗಳ ಕಂಪೌಂಡಿನ ಹಿಂದಿನಿಂದ ಅಮರಗೋಳದ ಮಾರ್ಕೆಟ್ ಯಾರ್ಡಿನ ಬೇಲಿಯ ತನಕ ಹುಳಗಳಿಗೆ ಒಂದು ದಾರಿ ಮಾಡಬೇಕು, ಜೇನು, ದುಂಬಿ, ಪಾತರಗಿತ್ತಿ ಹೂವಿನಿಂದ ಹೂವಿಗೆ ಆ ದಾರಿ ಹಿಡಿದು ಹೋಗಬೇಕು, ಅದಕ್ಕೆ ನಿಮ್ಮ ಹೊಲಗಳ ಬದು ಬೇಕು ಎಂದಾಗ ಗುಡಿಯ ಕಟ್ಟೆಯ ಮೇಲೆ ಕೂತವರೆಲ್ಲ ನಕ್ಕಿದ್ದರು. ಹುಳಕ್ಕೂ ಬೈಪಾಸ್ ರಸ್ತೆಯೇನು ಎಂದು ಯಾರೋ ಅಂದಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಶಿವಯೋಗೀಶನೇ. ಆಗ ಆ ಹುಡುಗಿ ಕಟ್ಟೆಯ ಬದಿಗೆ ಬಿದ್ದಿದ್ದ ಬುಟ್ಟಿಯಿಂದ ಒಂದು ಸೌತೆಕಾಯಿ ಎತ್ತಿ ಹಿಡಿದಿದ್ದಳು. ಅದು ಅವನ ಹೊಲದ್ದೇ, ಪೇಟೆಯಲ್ಲಿ ಯಾರೂ ಕೊಳ್ಳದೆ ತಿರುಗಿ ಬಂದದ್ದು. ಒಂದು ತುದಿ ದಪ್ಪ, ಇನ್ನೊಂದು ತುದಿ ಇಲಿಯ ಬಾಲ. "ಇದು ಯಾಕ ಸೊಟ್ಟ ಆಗೇತಿ ಹೇಳ್ರಿ ಕಾಕಾ?" ಅವನು ಬೀಜ ಖೊಟ್ಟಿ ಎಂದ. ಹಾಗೆ ನಂಬಿಯೇ ಹಿಂದಿನ ವಾರ ಬೀಜದಂಗಡಿಯವನ ಕೊರಳಪಟ್ಟಿ ಹಿಡಿದು ರಸ್ತೆಗೆ ಎಳೆದು ಬಂದಿದ್ದ. "ಬೀಜ ಛಲೋನ ಐತ್ರಿ. ಹೂವಿನ ಮ್ಯಾಲೆ ಹುಳ ಸಾಕಷ್ಟು ಕುಂದರಲಿಲ್ಲ. ಅರ್ಧಾ ಬಸರಾಗಿ ಅರ್ಧಾ ಉಳದೈತಿ," ಎಂದಳು ಅವಳು, ಇಪ್ಪತ್ನಾಲ್ಕರ ಹುಡುಗಿ, ನಾಚಿಕೆಯಿಲ್ಲದೆ. ಆ ಅಂಗಡಿಯವನ ಮುಖ, ಹರಿದ ಕೊರಳಪಟ್ಟಿಯನ್ನು ಒಂದು ಕೈಯಿಂದ ಹಿಡಿದುಕೊಂಡೇ "ನಾ ಏನ ಮಾಡೇನ್ರಿ ಯಪ್ಪಾ" ಎಂದ ಆ ಮುಖ, ಶಿವಯೋಗೀಶನ ಕಣ್ಣಿಗೆ ಕಟ್ಟಿತು. ಕಿವಿ ಕಾದವು. ಮರುದಿನದಿಂದ ಆ ಹುಡುಗಿಯ ಬೆನ್ನು ಬಿಡದೆ ಬಿದ್ದ.

ಬದುವಿನ ಮೇಲೆ ಬಿತ್ತುವವರು ಯಾರು, ಹಿಂಗಾರಿಯ ಗದ್ದಲದಲ್ಲಿ ಪುರಸೊತ್ತು ಯಾರಿಗಿದೆ ಎಂದು ಸಭೆಯಲ್ಲಿ ಎಲ್ಲರೂ ಜಾರಿಕೊಳ್ಳುತ್ತಿದ್ದಾಗ ಎದ್ದು ನಿಂತವನೂ ಅವನೇ. "ಶೀಗಿ ಹುಣ್ಣಿವಿಗೆ ಚರಗ ಚೆಲ್ಲಾಕ ಹೋಗತೀರಿಲ್ಲೋ? ಮನ್ಯಾಗ ಮಾಡಿದ ಅಡಗಿ ಎಲ್ಲಾ ಕಲಸಿಕೊಂಡು ಹೊಲದ ಸುತ್ತ ಬದು ಹಿಡದು ತಿರಗತೀರಿಲ್ಲೋ? ಅದರಾಗ ನಾಕು ಮುಷ್ಟಿ ಬೀಜ ಒಗೀರಿ! ಕುಸುಬಿ, ಅಗಸಿ, ಗುರೆಳ್ಳು, ಹವೀಜ. ಭೂಮ್ತಾಯಿ ಏನ ಬ್ಯಾಡ ಅಂತಾಳ?" ಹಿಂದಿನಿಂದ ಒಬ್ಬ ಚಪ್ಪಾಳೆ ಹೊಡೆದ, ಆಮೇಲೆ ಎಲ್ಲರೂ ಹೊಡೆದರು. ಸ್ನೇಹಲ್ ಪೆನ್ನು ಹಿಡಿದುಕೊಂಡು ಬಾಯಿ ತೆರೆದು ಅವನನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಅವನ ಬಾಯಿಂದ ಸಭೆಗಳಲ್ಲಿ ಬೈಗುಳ ಬಿಟ್ಟು ಬೇರೇನೂ ಬಂದಿರಲಿಲ್ಲ. ತನ್ನ ತಲೆಯೊಳಗೆ ಇಂಥದ್ದೊಂದು ಇತ್ತೇ ಎಂದು ಅವನಿಗೇ ಬೆರಗು.

ನಲವತ್ಮೂರು ಹೊಲ. ಸ್ನೇಹಲ್ ಗೋಡೆಗೆ ಹಚ್ಚಿದ ನಕಾಶೆಯಲ್ಲಿ ಅವೆಲ್ಲವನ್ನೂ ಪೋಣಿಸಿಕೊಂಡು ಹೋಗುವ ಹಸಿರು ದಾರ. ಧಾರವಾಡದಾಚೆಯ ಬೇಲೂರು ಕೈಗಾರಿಕಾ ಪ್ರದೇಶದ ಕಡೆಯಿಂದ ಇನ್ನೊಂದು ದಾರ ಮುಂದಿನ ವರ್ಷ ಬಂದು ಕೂಡುತ್ತದಂತೆ. ಅದರ ಮುಂದಿನ ವರ್ಷ ಇನ್ನೊಂದು. ಆಕೆ ಬೆರಳಿನಿಂದ ಗೋಡೆಯ ಮೇಲೆ, ನಕಾಶೆಯಾಚೆಗೂ, ಗೆರೆ ಎಳೆಯುತ್ತ ಹೋದಾಗ ಅವನಿಗೆ ಕೂತಲ್ಲಿ ಕೂರಲಾಗಿರಲಿಲ್ಲ. ಆಮೇಲೆ ಆ ಬೆರಳು ಹಿಂದಕ್ಕೆ ಬಂದು ಒಂದು ಕಡೆ ನಿಂತಿತು. ದಾರ ಅಲ್ಲಿ ಕೆಂಪಾಗಿತ್ತು. ಮುನ್ನೂರು ಮೀಟರು. "ಕಾಕಾ, ಇದು ನಿಮ್ಮ ಹೊಲ ಮತ್ತ ಫಕೀರವ್ವಾರ ಹೊಲ. ನಡುವ ಬದುನ ಇಲ್ಲಲ್ರಿ?"

"ಮಳಿಗೆ ಕೊಚ್ಚಿ ಹೋತು," ಎಂದುಬಿಟ್ಟಿದ್ದ. ಎಷ್ಟು ಸಲೀಸಾಗಿ ಬಂತು! ನಾಲಿಗೆಗೆ ಎಣ್ಣೆ ಹಚ್ಚಿಟ್ಟಿದ್ದ ಹಾಗೆ. ಫಕೀರವ್ವ ಹೆಂಗಸರ ಸಾಲಿನಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಎಲ್ಲರೂ ಅವಳ ಕಡೆ ನೋಡಿದರು. ಅವಳು ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿ, "ಹೌದವ್ವಾ. ಭಾಳ ದೊಡ್ಡ ಮಳಿ ಅದು. ವರ್ಷಾ ಬರತೈತಿ," ಎಂದಳು.

ಅವಳು ಬೈದಿದ್ದರೆ, ಎದ್ದು ನಿಂತು ಕಳ್ಳ ಎಂದಿದ್ದರೆ, ಅವನು ಎರಡರಷ್ಟು ಬೈದು ಗೆದ್ದು ಬರುತ್ತಿದ್ದ. ಜಗಳ ಅವನಿಗೆ ಗೊತ್ತಿದ್ದ ವಿದ್ಯೆ. ಇದಕ್ಕೆ ಏನು ಮಾಡಬೇಕು? ಸ್ನೇಹಲ್ ತಲೆದೂಗಿ ಬರೆದುಕೊಂಡಳು. "ಸಣ್ಣ ಹುಳ ಇಷ್ಟು ಬಯಲು ದಾಟಂಗಿಲ್ರಿ, ಇಲ್ಲಿಗೆ ಬಂದು ಹೊಳ್ಳಿ ಹೋಗತಾವ. ಹುಣ್ಣಿವಿ ದಿನ ನಾ ಪೂರಾ ದಾರಿ ನಡಕೊಂತ ಬರತೇನಿ. ಅಷ್ಟರಾಗ ಇಲ್ಲಿ ಬದು ಆಗಲಿಲ್ಲಂದ್ರ ತೊಂದ್ರಿ ಇಲ್ಲ ಕಾಕಾ, ನಿಮ್ಮ ಹೊಲ ಬಿಟ್ಟು ಹಳ್ಳದ ಕಡಿಂದ ಸುತ್ತು ಹಾಕಿ ಒಯ್ಯೋಣ."

ತೊಂದರೆ ಇಲ್ಲವಂತೆ! ಅವನ ತಲೆಯಿಂದ ಹುಟ್ಟಿದ ದಾರಿ ಅವನ ಹೊಲವನ್ನೇ ಬಿಟ್ಟು ಸುತ್ತು ಹಾಕಿ ಹೋಗುವುದು! ಆಗುತ್ತದೆ, ಬದು ಯಾಕಾಗುವುದಿಲ್ಲ ಎಂದು ಗುಡುಗಿದ್ದ. ಅದಾಗಿ ಐದು ವಾರ. ಆ ಐದು ವಾರ ಉಳಿದ ನಲವತ್ತೆರಡು ಹೊಲಗಳಿಗೆ ತಿರುಗಿದ. ಬದುವಿಗೆ ಕಳೆ ಸುಡುವ ಎಣ್ಣೆ ಹೊಡೆಯುತ್ತಿದ್ದವರ ಕೈಯಿಂದ ಪಂಪು ಕಸಿದುಕೊಂಡ, ಬದುವಿನ ತಂಗಡಕಿ ಗಿಡ ಕಡಿದವನಿಗೆ ಅವನ ಮೂರು ತಲೆಮಾರು ಎತ್ತಿ ಬೈದ. ತನ್ನ ಹೊಲದ ಆ ಅಂಚಿಗೆ ಮಾತ್ರ ಕಾಲಿಡಲಿಲ್ಲ. ನಿನ್ನೆ ಹೊಳೆವ್ವ, ಆ ಹೊಲದವರಲ್ಲೊಬ್ಬಳು, ಸ್ನೇಹಲ್ ಹಂಚಿದ್ದ ಬೀಜದಲ್ಲಿ ತನ್ನ ಪಾಲಿನ ಪೊಟ್ಟಣವನ್ನು ಇಲಿ ತಿಂದಿತು ಎಂದು ಬಂದಾಗ ತನ್ನದನ್ನೇ ಎತ್ತಿ ಕೊಟ್ಟುಬಿಟ್ಟ. "ನಮ್ಮ ಮನ್ಯಾಗ ನಮ್ಮ ಹೊಲದ ಬೀಜ ಐತಿ, ಒಯ್ಯಿ!" ಓಣಿಗೆಲ್ಲ ಕೇಳಿಸುವ ಹಾಗೆ ಅಂದಿದ್ದ. ಈಗ ಅಡಿಗೆಮನೆಯ ಮಾಡದಿಂದ ಅಗಸಿ ಮತ್ತು ಗುರೆಳ್ಳಿನ ಡಬ್ಬಿ ಎರಡನ್ನೂ ಇಳಿಸಿ, ಶಾಂಭವಿ ಕೊಟ್ಟಿಗೆಯಲ್ಲಿ ಎಮ್ಮೆಗೆ ಹುಲ್ಲು ಹಾಕಿ ಬರುವಷ್ಟರಲ್ಲಿ, ಚರಗದ ಬುಟ್ಟಿಗೆ ಸುರುವಿ ಎರಡೂ ಕೈಯಿಂದ ಕಲಸಿದ. ಕಡುಬು, ಪುಂಡಿಪಲ್ಲೆ, ಸಜ್ಜೆ ರೊಟ್ಟಿಯ ಚೂರು, ಶೇಂಗಾ ಹೋಳಿಗೆ, ಇವುಗಳ ನಡುವೆ ಕಪ್ಪು ಮತ್ತು ಕಂದು ಬೀಜಗಳು ಮಿನುಗಿದವು. ಎಷ್ಟು ಚೆಂದ! ಅವನಿಗೆ ಕೂಗಬೇಕೆನಿಸಿತು.

ಕೈ ತೊಳೆಯಲು ಹಿತ್ತಲಿಗೆ ಹೋದ. ಶಾಂಭವಿ ಅರಿವೆ ಒಗೆಯುವ ಕಲ್ಲು ಅಲ್ಲಿಯೇ ಇತ್ತು, ಸೋಪಿನ ನೊರೆ ಇನ್ನೂ ಆರಿರಲಿಲ್ಲ. ಕಲ್ಲಿನ ಯಾವ ಮಗ್ಗಲು ಮೇಲಿದೆ, ಯಾವುದು ಮಣ್ಣಿನೊಳಗಿದೆ ಎಂಬುದು ಅವನಿಗೊಬ್ಬನಿಗೇ ಗೊತ್ತು. ಮಣ್ಣಿನೊಳಗಿನ ಮಗ್ಗಲಲ್ಲಿ ಸರ್ವೆಯವರು ಕೊರೆದ ಗುರುತಿದೆ. ಎಂಟು ವರ್ಷದ ಹಿಂದೆ ಟ್ರ್ಯಾಕ್ಟರಿನ ಹಿಂದೆ ಹೇರಿಕೊಂಡು ತಂದು, ರಂಟೆಗೆ ಸಿಕ್ಕ ಕಲ್ಲು ಎಂದು ಹೇಳಿ ಹಾಕಿಸಿದ್ದ. ಫಕೀರವ್ವ ಮಜ್ಜಿಗೆಗೆಂದು ಹಿತ್ತಲ ಬಾಗಿಲಿಗೆ ಬಂದು ನಿಲ್ಲುವಳು. ಚರಿಗೆ ಹಿಡಿದುಕೊಂಡು, ಮಜ್ಜಿಗೆ ಬರುವ ತನಕ, ಆ ಕಲ್ಲನ್ನು ನೋಡುತ್ತ ನಿಲ್ಲುವಳು. ಬಾಂದುಕಲ್ಲಿನ ಉದ್ದ ಅಗಲ ಗುರುತಿಲ್ಲದೆಯೂ ಗೊತ್ತಾಗುವುದಿಲ್ಲವೇ ಹೊಲದವಳಿಗೆ? ಥೂ, ಹಬ್ಬದ ದಿನ ಇದನ್ನೆಲ್ಲ ಯಾಕೆ ನೆನೆಯಬೇಕು ಎಂದು ನೀರು ಮುಖಕ್ಕೆ ಚಿಮುಕಿಸಿಕೊಂಡ.

ಬೈಕಿನ ಹಿಂದೆ ಶಾಂಭವಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಕೈಯಿಂದ ಅವನ ಹೆಗಲು ಹಿಡಿದಿದ್ದಳು. ಊರು ದಾಟುತ್ತಲೇ ಎರೆಭೂಮಿ ಎರಡೂ ಕಡೆ ಬಿಚ್ಚಿಕೊಂಡಿತು. ಹಿಂಗಾರಿ ಜೋಳ ಗೇಣುದ್ದ ಎದ್ದಿತ್ತು. ದೂರದಲ್ಲಿ ಕಾರ್ಖಾನೆಯ ಭೋಂಗಾ ಕೂಗಿತು, ಅದರ ಹಿಂದೆಯೇ ಯಾವುದೋ ಹೊಲದಿಂದ ಗಂಡು ದನಿ, "ಹುಲ್ಲುಲ್ಲಿಗ್ಯೋ!" ಅದಕ್ಕೆ ಹೆಣ್ಣು ದನಿ, "ಚಳ್ಳಂಬ್ರಿಗ್ಯೋ!" ಒಬ್ಬರು ಕೂಗುತ್ತ ಚೆಲ್ಲುವುದು, ಹಿಂದೆ ಬರುವವರು ಓಗೊಡುವುದು. ಹುಟ್ಟಿದಾಗಿನಿಂದ ಕೇಳಿದ ಕೂಗು. ಆದರೆ ಇವತ್ತು ಆ ಕೂಗಿನ ಜೊತೆ ಬೀಜ ಬೀಳುತ್ತಿದೆ! ಬಲಗಡೆ ಕೂಗು, ಎಡಗಡೆ ಕೂಗು, ಆಚೆ ರೈಲು ಹಳಿಯ ಹತ್ತಿರದಿಂದ ಕೂಗು. ನಲವತ್ತು ಹೊಲಗಳ ಅಂಚಿನಲ್ಲಿ ಜನ ಬಗ್ಗಿ ಏಳುತ್ತಿದ್ದರು. ಅವನಿಗೆ ಮೈ ಜುಮ್ಮೆಂದು ಬೈಕು ಗುಂಡಿಗೆ ಇಳಿಯಿತು. "ಸಾವಕಾಶ ಹೊಡೀರಿ! ಭೂಮ್ತಾಯಿಗೆ ಒಯ್ಯೋದನ್ನ ರಸ್ತಾಕ್ಕ ಚೆಲ್ಲಿಸ್ತೀರಿ," ಎಂದಳು ಶಾಂಭವಿ. "ಕೇಳ ಅಲ್ಲಿ, ಕೇಳಲೇ!" ಎಂದ ಅವನು, ಗಾಳಿಗೆ ಕಣ್ಣಲ್ಲಿ ನೀರು ಬಂದಿತ್ತು.

ಹೊಲ ಹತ್ತಿರ ಬಂದಂತೆ ವೇಗ ತಾನಾಗಿ ತಗ್ಗಿತು. ಬದು ಹೇಗೆ ಹೋಗುತ್ತದೆ? ಯಾರೂ ಒಂದೇ ದಿನಕ್ಕೆ ಬದು ತಿನ್ನುವುದಿಲ್ಲ. ಸಾಲಿನ ಕೊನೆಯಲ್ಲಿ ಟ್ರ್ಯಾಕ್ಟರು ತಿರುಗಿಸುವಾಗ ಒಂದು ಗೇಣು ಆಚೆಗೆ. ಅದು ಕೈತಪ್ಪು. ಮರುವರ್ಷ ಆ ಕೈತಪ್ಪೇ ಗಡಿ, ಅಲ್ಲಿಂದ ಇನ್ನೊಂದು ಗೇಣು. "ಬದು ಅಂದ್ರ ಸೋಮಾರಿಯ ಹೊಲ" ಎನ್ನುತ್ತಿದ್ದ ಅಪ್ಪ. ಮೊದಲು ಬದುವಿನ ಈಚೆ ಮಗ್ಗಲು, ಆಮೇಲೆ ಬೆನ್ನು, ಆಮೇಲೆ ಆಚೆ ಮಗ್ಗಲು, ಬದು ಮುಗಿದ ಮೇಲೆ ಫಕೀರವ್ವನ ಹೊಲ. ಬದುವಿನ ಬೆನ್ನು ಒಡೆದ ದಿನ ಅವನಿಗೆ ಚೆನ್ನಾಗಿ ನೆನಪಿದೆ. ರಂಟೆ ಮಣ್ಣಿನ ಹೆಂಟೆಯನ್ನು ಹೊರಳಿಸಿ ಹಾಕಿದಾಗ ಅದರೊಳಗೆ ಪೆನ್ಸಿಲಿನಷ್ಟು ಸಣ್ಣ ಸಣ್ಣ ಕೊಳವೆಗಳು, ತುದಿಯಲ್ಲಿ ಗೋಡಂಬಿಯಷ್ಟು ಕೋಣೆಗಳು, ಪ್ರತಿ ಕೋಣೆಯಲ್ಲಿ ಬೇಸನ್ ಉಂಡೆಯ ಹಾಗೆ ಹಳದಿ ಮುದ್ದೆ. ಸಣ್ಣ ಬೂದು ಹುಳಗಳು ಎದ್ದು ಟ್ರ್ಯಾಕ್ಟರಿನ ಸುತ್ತ ತಿರುಗಿದವು. ಅವನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಒಂದೂ ಕಚ್ಚಲಿಲ್ಲ. ಬರೀ ತಿರುಗಿದವು, ಮನೆಯಿದ್ದ ಜಾಗದಲ್ಲಿ, ಗಾಳಿಯಲ್ಲಿ, ಮಧ್ಯಾಹ್ನದವರೆಗೆ. ಅವನು ಬುತ್ತಿ ಉಂಡು ಎದ್ದಾಗಲೂ ಇದ್ದವು. ಆಗ ಏನೂ ಅನಿಸಿರಲಿಲ್ಲ. ಈ ವರ್ಷ ಸ್ನೇಹಲ್ ಅಂಥದೇ ಹುಳದ ಒಂದು ಚಿತ್ರ ತೋರಿಸಿ, "ಇವು ಬ್ಯಾರೆ ಜೇನಿನಂಗ ಹುಟ್ಟು ಕಟ್ಟಂಗಿಲ್ರಿ, ನೆಲದಾಗ ಒಂದೊಂದs ಮನಿ ಮಾಡತಾವ. ಉಳುಮಿ ಆಗಲಾರದ ಮಣ್ಣು ಬೇಕು ಇವಕ್ಕ. ಬದು ಅಂದ್ರ ಬರೇ ದಾರಿ ಅಲ್ಲ ಕಾಕಾ, ಊರು," ಎಂದಾಗ ಹಳದಿ ಮುದ್ದೆ ಕಣ್ಣ ಮುಂದೆ ಬಂದು ಅವನು ಚಹದ ಕಪ್ಪು ಕೆಳಗಿಟ್ಟಿದ್ದ. ಆದರೆ ಅವನು ಪೂರ್ತಿ ಕಳ್ಳನಲ್ಲ. ಕಳ್ಳನಾಗಿದ್ದರೆ ಫಕೀರವ್ವನ ಗಂಡ ಬೀರಪ್ಪ ಹುಬ್ಬಳ್ಳಿಯ ದವಾಖಾನೆಯಲ್ಲಿ ಮಲಗಿದ ವರ್ಷ ಅವರ ಹೊಲವನ್ನು ಪುಕ್ಕಟೆ ಹರಗಿ ಬಿತ್ತಿಕೊಡುತ್ತಿದ್ದನೇ? ಊರೇ ಹೊಗಳಿತ್ತು. ಬೀರಪ್ಪ ಸಾಯುವ ಮುಂಚೆ ಕೈ ಹಿಡಿದುಕೊಂಡು ಅತ್ತಿದ್ದ. ಈ ಒಂದು ಸಂಗತಿಯನ್ನು ಶಿವಯೋಗೀಶ ಮನಸ್ಸಿನಲ್ಲಿ ಯಾವಾಗಲೂ ಕೈಗೆಟಕುವಲ್ಲೇ ಇಟ್ಟುಕೊಂಡಿದ್ದ.

ಹೊಲದ ನಡುವೆ ಬೇವಿನ ಗಿಡದ ಬುಡದಲ್ಲಿ ಶಾಂಭವಿ ನೆಲ ಸಾರಿಸಿ ಐದು ಕಲ್ಲು ಇಟ್ಟಳು, ಐದು ಮಂದಿ ಪಾಂಡವರು. ಅವರ ಮನೆಯ ಪದ್ಧತಿಯಂತೆ ಬೆನ್ನ ಹಿಂದೆ ಇನ್ನೊಂದು ಸಣ್ಣ ಕಲ್ಲು, ಅದು ಕಳ್ಳ. ಕಳ್ಳನಿಗೂ ಕುಂಕುಮ, ಕಳ್ಳನಿಗೂ ಎಡೆ. ಪ್ರತಿ ವರ್ಷ ಈ ಕಲ್ಲಿಗೆ ಎಡೆ ಇಡುವಾಗ ಅವನು ನಗೆಚಾಟಿಕೆ ಮಾಡುತ್ತಿದ್ದ. ಇವತ್ತು ಕಲ್ಲನ್ನು ನೋಡದೆ ಬುಟ್ಟಿಯ ಕಡೆ ತಿರುಗಿ, ರೈತನಿಗಿರುವ ಕೆಟ್ಟ ಚಟ, ಒಂದು ಅಗಸಿ ಕಾಳನ್ನು ಹೆಕ್ಕಿ ಹಲ್ಲಿಗೆ ಕೊಟ್ಟ. ಕಟುಂ ಎಂದಿತು. ಬಾಯಿ ತುಂಬ ಘಮ.

ಇನ್ನೊಂದು ಹೆಕ್ಕಿದ. ಗುರೆಳ್ಳು ಹೆಕ್ಕಿದ. ಕಟುಂ, ಕಟುಂ.

"ಏ, ಈ ಡಬ್ಬ್ಯಾಗಿಂದು ಏನ ಮಾಡೀದಿ?"

"ಯಾವ ಡಬ್ಬಿ?" ಎಂದವಳು ಬುಟ್ಟಿಗೆ ಕೈಹಾಕಿ ನೋಡಿ, ಬಾಯಿಗೆ ಸೆರಗು ಒತ್ತಿದಳು. "ಅಯ್ಯ ನನ ಶಿವನ! ನಿನ್ನಿ ಚಟ್ನಿಗೆ ಹುರದು ಇಟ್ಟಿದ್ನಲ್ರಿ! ಕುಟ್ಟೂದೊಂದs ಉಳದಿತ್ತು."

"ಹುರದದ್ದು ಹೇಳಬಾರದ?"

"ಕೇಳಬಾರದ? ಮೂವತ್ತು ವರ್ಷದಾಗ ಇವತ್ತ ಒಂದಿನ ಅಡಗಿಮನಿ ಡಬ್ಬಿಗೆ ಕೈ ಹಾಕೀರಿ, ಅದೂ ಕಳ್ಳರಂಗ!"

ಅವನು ಬುಟ್ಟಿಯನ್ನು ಒದೆಯಲು ಕಾಲೆತ್ತಿದ. ಒಳಗಿರುವುದು ಭೂಮಿಯ ಎಡೆ. ಕಾಲು ಗಾಳಿಯಲ್ಲೇ ನಿಂತು, ಪೆಚ್ಚಾಗಿ, ಇಳಿಯಿತು. ನಲವತ್ತೆರಡು ಹೊಲಗಳಲ್ಲಿ ಹಸಿ ಬೀಜ ಬೀಳುತ್ತಿದೆ, ಇದನ್ನು ಕಂಡುಹಿಡಿದವನ ಹೊಲದಲ್ಲಿ ಚಟ್ನಿ! ಕಿಸೆಯಲ್ಲಿ ಫೋನು ನಡುಗಿತು. "ಕಾಕಾ, ನಾ ಹೊಳೆವ್ವಾರ ಹೊಲದಾಗ ಅದೇನ್ರಿ!" ಸ್ನೇಹಲಳ ದನಿ ಓಡುತ್ತಿತ್ತು. "ಎಲ್ಲಾರೂ ಚೆಲ್ಯಾರ್ರಿ, ಎಲ್ಲಾರೂ! ನನಗ ಅಳು ಬರಾಕತ್ತೈತಿ. ನಿಮ್ಮದೊಂದs ಉಳದೈತಿ. ಹತ್ತು ಮಿನಿಟ್ಟಿನ್ಯಾಗ ಬಂದೆ." ಫೋನು ಕಟ್ಟಾಯಿತು. ಬೈಕು ಹತ್ತಿ ಊರಿಗೆ ಹೋಗಿ ಬರಲು ಅರ್ಧ ತಾಸು. ಅವನು ಸುತ್ತ ನೋಡಿದ. ಕಣ್ಣಳತೆಯಲ್ಲಿ ಇದ್ದವಳು ಒಬ್ಬಳೇ. ಆಚೆ ತನ್ನ ಹೊಲದಲ್ಲಿ, ಬಾರಿ ಗಿಡದ ಕೆಳಗೆ, ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಫಕೀರವ್ವ.

ಅವಳ ಹೊಲಕ್ಕೆ ಹೋಗಲು ದಾಟಬೇಕಾದದ್ದು ಏನೂ ಇರಲಿಲ್ಲ. ಒಂದು ಸಾಲು ಅವನದು, ಮುಂದಿನ ಸಾಲು ಅವಳದು. ಅಷ್ಟೆ. ಅದೇ ಅವನಿಗೆ ಮೊದಲ ಸಲ ವಿಚಿತ್ರವೆನಿಸಿತು.

"ಬರ್ರಿ ಸಾವಕಾರ್ರ. ಉಣ್ಣಾಕ ಬಂದ್ರೇನು? ನಂದು ಬರೇ ರೊಟ್ಟಿ, ಪುಂಡಿಪಲ್ಲೆ."

"ಫಕೀರವ್ವ, ನಿನ್ನ ಬೀಜ ಉಳದಾವೇನು?"

"ಯಾಕ್ರಿ? ನಿಮ್ಮ ಮನ್ಯಾಗ ನಿಮ್ಮ ಬೀಜ ಅದಾವು ಅಂತ ಓಣಿ ತುಂಬ ಒದರಿದ್ರಂತ."

"ಹುರದಾವ."

ಅವಳಿಗೆ ತಿಳಿಯಲಿಲ್ಲ. ಅವನು ಹೇಳಿದ. ಆಗ ಅವಳು ನಗತೊಡಗಿದಳು. ಮೊದಲು ಬಾಯಿ ಮುಚ್ಚಿಕೊಂಡು, ಆಮೇಲೆ ಮುಚ್ಚದೆ, ತೊಡೆ ತಟ್ಟಿಕೊಂಡು, ಕಣ್ಣೊರೆಸಿಕೊಂಡು. "ಭೂಮ್ತಾಯಿಗೆ ಚಟ್ನಿ ಬಿತ್ತಾಕ ಹೊಂಟಿದ್ರ್ಯಾ? ನಮ್ಮಾವ ಇದ್ದಿದ್ರ ಎಂಟು ದಿನ ನಕ್ಕಿರತಿದ್ದ." ನಮ್ಮಾವ ಎಂದರೆ ಬೀರಪ್ಪ. ಸೋದರಮಾವನನ್ನೇ ಮದುವೆಯಾದವಳು. ನಗು ನಿಂತ ಮೇಲೆ ಅವಳು ಸೆರಗಿನ ಗಂಟು ಬಿಚ್ಚಿ ಪೊಟ್ಟಣ ತೆಗೆದಳು. ಅರ್ಧ ತುಂಬಿತ್ತು.

"ಕೊಡತೇನಿ. ಎಲ್ಲಿ ಚೆಲ್ಲತೀರಿ?"

"ಎಲ್ಲಿ ಅಂದ್ರ?"

"ನಾ ಮೂರು ಕಡಿ ಚೆಲ್ಲಿ ಬಂದು ಕುಂತೇನಿ. ಈ ಕಡಿ ಚೆಲ್ಲಂಗಿಲ್ಲ ನಾನು. ಹನ್ನೊಂದು ವರ್ಷಾತು. ಎಲ್ಲಿ ಚೆಲ್ಲಲಿ? ಚೆಲ್ಲಿದ ಮರುವರ್ಷ ಅದು ನಿಮ್ಮ ಹೊಲ ಆಗತೈತಿ. ಅದಕ್ಕ ಈ ಅರ್ಧಾ ಪುಡಿಕಿ ಹಂಗs ಉಳದೈತಿ."

ಹನ್ನೊಂದು ವರ್ಷ ಅವನು ಇದೇ ಅಂಚಿನಲ್ಲಿ ಕೂಗುತ್ತ, ಬುಟ್ಟಿ ಹಿಡಿದು, ನಡೆದಿದ್ದ. ಹೋಳಿಗೆಯ ಚೂರು ಬಿದ್ದದ್ದು ಅವಳ ನೆಲದ ಮೇಲೆ. ಅವಳು ಬಾರಿ ಗಿಡದ ಕೆಳಗೆ ಕೂತು ನೋಡುತ್ತಿದ್ದಳು, ಮೂರು ಬದಿಯ ಹೊಲದವಳು. ಅವನಿಗೆ ಒಮ್ಮೆಲೇ ಸಿಟ್ಟು ಬಂತು. ಇವಳು ಒಂದು ಸಲ, ಒಂದೇ ಸಲ, ಬಾಯಿ ಬಿಚ್ಚಿ ಬೈದಿದ್ದರೆ! ಆಮೇಲೆ ಆ ಸಿಟ್ಟಿನ ತುದಿಯಲ್ಲಿ, ಬೆಂಕಿ ಕಡ್ಡಿಯನ್ನು ಸುಟ್ಟು ಬೆರಳಿಗೆ ಬಂದ ಹಾಗೆ, ತಾನೇ ಸಿಕ್ಕ. ವಿಚಿತ್ರವೆಂದರೆ ಉರಿಯಲಿಲ್ಲ, ಹಗುರವಾಯಿತು. ಮುಗಿಸಿಬಿಡಬಹುದು! ಈಗ, ಇವತ್ತು, ಈ ಹತ್ತು ಮಿನಿಟಿನಲ್ಲಿ! ಅವನು ತನ್ನ ಕೊನೆಯ ಸಾಲಿನ ಮೇಲೆ ಅವಳಿಗೆ ಮುಖ ಮಾಡಿ ನಿಂತು, ಹಿಂದಕ್ಕೆ, ತನ್ನ ಹೊಲದೊಳಕ್ಕೆ, ಒಂದು ಹೆಜ್ಜೆ ಇಟ್ಟ. ಎಳೆಯ ಜೋಳ ಹಿಮ್ಮಡಿಯ ಕೆಳಗೆ ಮುರಿಯಿತು. "ರೀ, ಪೀಕ ತುಳ್ಯಾಕತ್ತೀರಲ್ರಿ!" ಎಂದು ಶಾಂಭವಿ ಬೇವಿನ ಗಿಡದಿಂದ ಕೂಗಿದಳು. ಎರಡು. ಮೂರು. ಮೂರು ಹೆಜ್ಜೆ ಅಗಲ, ಮುನ್ನೂರು ಮೀಟರು ಉದ್ದ. ಅವನು ನಿಂತ. ಬೆವರು ಇಳಿಯುತ್ತಿತ್ತು.

"ಇದು ಬದುವಿನ ನಡು. ಕಲ್ಲು ನಮ್ಮ ಹಿತ್ತಲದಾಗ ಐತಿ. ಸಂಜಿಕೆ ತಂದು ಹುಗಿತೇನಿ." ಇಷ್ಟನ್ನು ಒಂದೇ ಉಸಿರಿಗೆ ಅಂದ.

ಶಾಂಭವಿ ಬಂದು ನಿಂತಿದ್ದಳು. ಅವಳ ಮುಖದಲ್ಲಿ ಆ ಕಲ್ಲಿನ ಮೇಲೆ ಒಗೆದ ಎಂಟು ವರ್ಷದ ಅರಿವೆಗಳೆಲ್ಲ ಒಂದೊಂದಾಗಿ ಹಾದು ಹೋದವು. ಫಕೀರವ್ವ ಎದ್ದು, ಸೀರೆ ಕೊಡವಿಕೊಂಡು, ತಲೆ ಓರೆ ಮಾಡಿ ಅವನ ಕಾಲನ್ನು ನೋಡಿದಳು.

"ಇನ್ನೊಂದು ಹೆಜ್ಜಿ," ಎಂದಳು.

"ಏನು?"

"ಇನ್ನೊಂದು ಹೆಜ್ಜಿ ಹಿಂದಕ್ಕ ಸರೀರಿ."

ರಕ್ತ ತಲೆಗೇರಿತು. ಇದಕ್ಕೇ ಇಂಥವರಿಗೆ ಸಲಿಗೆ ಕೊಡಬಾರದು ಎನ್ನುವುದು! ತಾನಾಗಿ ಬಿಟ್ಟುಕೊಟ್ಟರೆ ಇನ್ನೊಂದು ಬೇಡುತ್ತಾಳೆ. "ಮೂರು! ಲೆಕ್ಕ ಐತಿ ನನ್ನ ಹತ್ರ, ಬದುವಿನ ಬೆನ್ನು ಒಡದ ವರ್ಷದಿಂದ ಹಿಡದು..."

"ಅದಕ್ಕೂ ಮೊದಲಿಂದು," ಎಂದಳು ಅವಳು, ದನಿ ಏರಿಸದೆ. "ನಮ್ಮಾವ ದವಾಖಾನ್ಯಾಗ ಇದ್ದಾಗಿಂದು. ನೀವು ಬಿತ್ತಿಕೊಟ್ರಲ್ಲ, ಪುಕ್ಕಟೆ. ಅವತ್ತ."

ಕಚ್ಚಾರಸ್ತೆಯಲ್ಲಿ ಸ್ಕೂಟಿಯ ಸದ್ದು ಕೇಳಿತು. ಆ ದಿನ ಬಿಸಿಲು ಹೀಗೇ ಇತ್ತು. ಅವನು ಅವರ ಹೊಲ ಮುಗಿಸಿ ತನ್ನದಕ್ಕೆ ಟ್ರ್ಯಾಕ್ಟರು ತಿರುಗಿಸಿದ್ದ. ಮನಸ್ಸು ತುಂಬಿತ್ತು, ಪುಣ್ಯ ಮಾಡಿದವನ ಮನಸ್ಸು. ಆ ತುಂಬಿದ ಮನಸ್ಸಿನಿಂದಲೇ, ಇಷ್ಟು ಮಾಡಿದವನಿಗೆ ಇಷ್ಟಾದರೂ ಬೇಡವೇ ಎಂದು, ನೋಡುವವರು ಯಾರೂ ಇಲ್ಲವೆಂದು, ಬದುವಿನ ಈಚೆ ಮಗ್ಗಲಿಗೆ ರಂಟೆ ಇಳಿಸಿದ್ದ. ಮೊದಲ ಸಲ. ಬೀರಪ್ಪ ಅತ್ತು ಕೈ ಹಿಡಿದದ್ದು ಅದಾದ ಮೇಲೆ. ಕೈಗೆಟಕುವಲ್ಲೇ ಇಟ್ಟುಕೊಂಡಿದ್ದ ಆ ಒಂದೇ ಸಂಗತಿಯ ಕೆಳ ಮಗ್ಗಲನ್ನು ಅವನು ಇಷ್ಟು ವರ್ಷ ಹೊರಳಿಸಿ ನೋಡಿರಲಿಲ್ಲ. ಮೂರಕ್ಕೆ ನಿಂತರೆ ಯಾರು ಕೇಳುತ್ತಾರೆ? ಮೂರಕ್ಕೂ ದಾರಿ ಕೂಡುತ್ತದೆ. ಹುಳಕ್ಕೆ ಮೂರಾದರೇನು, ನಾಲ್ಕಾದರೇನು. ಸ್ಕೂಟಿ ನಿಂತಿತು.

ಅವನು ನಾಲ್ಕನೆಯ ಹೆಜ್ಜೆ ಹಿಂದಕ್ಕೆ ಇಟ್ಟ.

"ಹಾಂ," ಎಂದಳು ಫಕೀರವ್ವ. "ಈಗ ಹಿಡೀರಿ." ಪೊಟ್ಟಣವನ್ನು ಅವನ ಕೈಗೆ ಕೊಡಲಿಲ್ಲ, ತನ್ನ ಬುಟ್ಟಿಗೆ ಸುರಿದು, ಅರ್ಧ ಎತ್ತಿ ಅವನ ಬುಟ್ಟಿಗೆ ಹಾಕಿದಳು. ಹುರಿದದ್ದರ ಜೊತೆ ಹಸಿ ಬೀಜ ಬೆರೆಯಿತು.

ಸ್ನೇಹಲ್ ಓಡುತ್ತ ಬಂದಳು, ಪ್ಯಾಂಟಿಗೆ ಮೊಣಕಾಲ ತನಕ ಎರೆಮಣ್ಣು, ಕೈಯಲ್ಲಿ ಫೋನು. ಜೋಳದ ನಡುವೆ ನಿಂತ ಮೂವರನ್ನು ನೋಡಿ, ಆಚೀಚೆ ನೋಡಿ, "ಕಾಕಾ, ಬದು ಎಲ್ಲೈತ್ರಿ?" ಎಂದಳು.

ಅವನು ಹೇಳಬೇಕೆಂದು ಬಾಯಿ ತೆರೆದ. ನಾಲಿಗೆಗೆ ಇವತ್ತು ಎಣ್ಣೆ ಇರಲಿಲ್ಲ. "ಮಳಿ ಅಲ್ಲವ್ವಾ. ನಾ ತಿಂದಿದ್ದೆ," ಎಂದ.

"ತಡೀ ತಂಗಿ, ಬಿತ್ತಾಕತ್ತೇವಿ," ಎಂದಳು ಫಕೀರವ್ವ. "ಹುಟ್ಟಿದ ಮ್ಯಾಲೆ ನೋಡೂವಂತಿ. ಮುಂದಿನ ವರ್ಷ ಇರತೈತೋ ಇಲ್ಲೋ, ಅದನ್ನೂ ನೋಡೂವಂತಿ."

ಅವನು ಫಕೀರವ್ವನ ಕಡೆ ತಿರುಗಿದ. "ನೀವು ಮುಂದ ನಡೀರಿ," ಎಂದ. ಅವಳಿಗೆ ಅವನು ನೀವು ಎಂದದ್ದು ಮೂವರಿಗೂ ಕೇಳಿಸಿತು. ಅವಳು ನಡೆಯಲಿಲ್ಲ. "ಕೂಗವ್ರು ನೀವು, ಮುಂದ ನೀವs ಹೋಗ್ರಿ. ನಾ ಹಿಂದ ನಿಂತು ಗೆರಿ ನೋಡತೇನಿ."

ಅವನು ನಡೆದ. ಗೇಣುದ್ದದ ಜೋಳವನ್ನು ತುಳಿಯುತ್ತ, ದೂರದ ಕಾರ್ಖಾನೆಯ ಚಿಮಣಿಗೆ ಕಣ್ಣು ನೆಟ್ಟು, ನೆಟ್ಟಗೆ. ಮುಷ್ಟಿ ತುಂಬಿ ಎಸೆದ. ಕುಸುಬಿ, ಹವೀಜ, ಕಡುಬಿನ ಚೂರು, ಚಟ್ನಿಯ ಘಮ. ಎಲ್ಲ ಒಟ್ಟಿಗೆ ಕಪ್ಪು ಮಣ್ಣಿಗೆ ಬಿದ್ದವು. ಓಡಬೇಕೆನಿಸುತ್ತಿತ್ತು, ಮಾಸ್ತರರು ಹೆಸರು ಕೂಗಿಯೇ ಬಿಟ್ಟ ಹಾಗೆ.

"ಹುಲ್ಲುಲ್ಲಿಗ್ಯೋ!"

ದನಿ ಒಡೆಯಿತು. ಹಿಂದಿನಿಂದ ಏನೂ ಬರಲಿಲ್ಲ. ಜೋಳದ ಸರಬರ ಮಾತ್ರ. ಅವನು ತಿರುಗಿ ನೋಡಲಿಲ್ಲ. ಇನ್ನೊಂದು ಮುಷ್ಟಿ ಎಸೆದು ಮತ್ತೆ ಕೂಗಿದ, ಈ ಸಲ ಇನ್ನೂ ಜೋರಾಗಿ. ಆಚೆ ಹೊಲದವರು ಕಣ್ಣಿಗೆ ಕೈ ಮರೆ ಮಾಡಿಕೊಂಡು ಇತ್ತ ನೋಡುವುದು ಕಂಡಿತು. ಮೂರನೆಯ ಮುಷ್ಟಿ. ಮೂರನೆಯ ಕೂಗು.

ಆಗ ಬೆನ್ನ ಹಿಂದೆ, ಹತ್ತಿರದಲ್ಲೇ, ಹನ್ನೊಂದು ವರ್ಷ ಈ ಕಡೆ ಕೂಗದೆ ಇದ್ದ ಗಂಟಲು ಕೆಮ್ಮಿ ಸರಿಮಾಡಿಕೊಂಡಿತು.

"ಚಳ್ಳಂಬ್ರಿಗ್ಯೋ!" ಎಂದಿತು, ಅವನಿಗಲ್ಲ, ನೆಲಕ್ಕೆ. ಅದರ ಜೊತೆಗೇ ಅವಳ ಬೀಜ ಅವನ ಹಿಮ್ಮಡಿಯ ಮೇಲೆ ಚಿಟಪಟ ಬಿತ್ತು.